ವಾರದ ಗುಳಿಗೆ

ನನಗೆ ಏನಾಗಿತ್ತೆಂದು ಯಾರಾದರೂ ಕೇಳಿದರೆ ನಮ್ಮ ಮನೆಯವರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ: "ಗುಳಿಗಿ ಉಲ್ಟಾ ಹೊಡೀತ್ರಿ." ಕೇಳಿದವರೂ ತಲೆಯಾಡಿಸಿ, "ಇಂಗ್ಲಿಷ್ ಔಷಧದ ಹಣೇಬರಹನ ಅಷ್ಟು" ಎಂದು ಚಹಾ ಕುಡಿದು ಎದ್ದು ಹೋಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಪಾಪ, ಗುಳಿಗೆ ತನ್ನ ಕೆಲಸವನ್ನು ನೆಟ್ಟಗೇ ಮಾಡಿತ್ತು. ಉಲ್ಟಾ ಹೊಡೆದದ್ದು ಒಂದು ಮಾತು. ಆ ಮಾತು ಯಾವುದು, ಆಮೇಲೆ ತಪ್ಪನ್ನು ಯಾರ ತಲೆಗೆ ಕಟ್ಟಿದರು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಹಾಗೆ ಕೀಲುಗಳು ಬಾತು, ಯಾವುದೋ ದವಾಖಾನೆಯ ಬೆಂಚಿನ ಮೇಲೆ ಪಾಳಿಗೆ ಕಾಯುತ್ತಿರುವವರು ಓದಿದರೆ ಒಳ್ಳೆಯದು. ಅವರ ಕೈಗೆ ಗುಳಿಗೆ ಕೊಡುವವರು ಓದಿದರೆ ಇನ್ನೂ ಒಳ್ಳೆಯದು.

ನಾನು ಶಾಂತಾ. ಮನೆ ಬಂಕಾಪುರದಲ್ಲಿ. ದುಂಡಸಿ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಯಜಮಾನರು ಬಸವರಾಜ ಬಸ್ಸಿನಲ್ಲಿ ಕಂಡಕ್ಟರ್. ಮನೆಯಲ್ಲಿ ಮೂರನೆಯವರು ನಮ್ಮ ಅತ್ತೆ ಗಂಗವ್ವ. ಈ ಮೂವರ ಸಂಸಾರದಲ್ಲಿ ಮೊದಲು ಮುಷ್ಕರ ಹೂಡಿದ್ದು ನನ್ನ ಕೈಬೆರಳುಗಳು. ಬೆಳಿಗ್ಗೆ ಏಳುವಾಗ ಮುಷ್ಟಿ ಬಿಗಿದದ್ದು ಬಿಚ್ಚುತ್ತಿರಲಿಲ್ಲ. ಸೀರೆಯ ನಿರಿಗೆ ಹಿಡಿಯಲು ಅತ್ತೆಯನ್ನು ಕರೆಯಬೇಕು. ಬಸ್ಸಿನ ಕಂಬಿ ಹಿಡಿದರೆ ಮುಂಗೈಯಲ್ಲಿ ಸೂಜಿ ಚುಚ್ಚಿದಂತೆ ನೋವು. ಶಾಲೆಯಲ್ಲಿ ಸೀಮೆಸುಣ್ಣ ಹಿಡಿಯಲಾಗದೆ ಮಕ್ಕಳನ್ನೇ ಬೋರ್ಡಿಗೆ ಕಳಿಸುತ್ತಿದ್ದೆ. ರೊಟ್ಟಿ ಬಡಿಯುವ ಮಾತಂತೂ ದೂರವೇ ಉಳಿಯಿತು. ಅತ್ತೆ ಎಪ್ಪತ್ತರ ವಯಸ್ಸಿನಲ್ಲಿ ಮತ್ತೆ ಒಲೆಯ ಮುಂದೆ ಕುಂತರು. ರೊಟ್ಟಿಯ ಸಪ್ಪಳ ಕೇಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ಊರೆಲ್ಲ ಔಷಧ ಹೇಳಿತು. "ವಾಯು ಐತಿ, ಬದನಿಕಾಯಿ ಬಿಡ್ರಿ" ಎಂದರು, ಬಿಟ್ಟೆ. ಎಣ್ಣೆ ತಿಕ್ಕಿಸಿಕೊಂಡೆ. ಸವಣೂರಿಗೆ ಹೋಗಿ ಸೂಜಿ ಮಾಡಿಸಿಕೊಂಡು ಬಂದೆ, ಎರಡು ದಿನ ಹಗುರ, ಮೂರನೆಯ ದಿನ ಮತ್ತೆ ಅದೇ ರಾಗ. ಕೊನೆಗೆ ಸಹೋದ್ಯೋಗಿಯೊಬ್ಬರು ಹಾನಗಲ್ಲಿನ ಒಂದು ಖಾಸಗಿ ದವಾಖಾನೆಯ ದಾರಿ ತೋರಿಸಿದರು. ಅದರ ಹೆಸರು ಬೇಡ. ಕೀಲುರೋಗದ ದೊಡ್ಡ ಡಾಕ್ಟರೊಬ್ಬರು ವಾರಕ್ಕೊಮ್ಮೆ ಹೊರಗಿನಿಂದ ಬಂದು ಅಲ್ಲಿ ಕೂಡುತ್ತಿದ್ದರು.

ಆ ದವಾಖಾನೆಯ ಪಡಸಾಲೆ ಬಸ್ ಸ್ಟ್ಯಾಂಡಿಗಿಂತ ಕಡಿಮೆಯಿರಲಿಲ್ಲ. ಹಿರೇಕೆರೂರಿನಿಂದ, ಶಿಗ್ಗಾಂವಿಯಿಂದ, ಅಕ್ಕಪಕ್ಕದ ಹಳ್ಳಿಗಳಿಂದ ಬಂದ ಹೆಂಗಸರೇ ಹೆಚ್ಚು. ಎಲ್ಲರ ಕೈಗಳೂ ನನ್ನವೇ ಅನ್ನುವ ಹಾಗೆ ಬಾತಿದ್ದವು. ಪಕ್ಕದಲ್ಲಿ ಕುಂತಿದ್ದ ಹೆಂಗಸೊಬ್ಬಳು ನನ್ನ ಬೆರಳು ನೋಡಿ, "ನಿಮಗೂ ಹಿಂಗ ಏನ್ರಿ? ನಾ ಒಬ್ಬಾಕಿನ ಪಾಪಿ ಅನ್ಕೊಂಡಿದ್ನಿ" ಎಂದು ನಕ್ಕಳು. ಆ ನಗುವಿನಿಂದ ನನಗೆ ಸಿಕ್ಕ ಸಮಾಧಾನ ಒಳಗೆ ಸಿಗಲಿಲ್ಲ. ಒಳಗೆ ಡಾಕ್ಟರು ನನ್ನ ಬೆರಳಿನ ಗಂಟುಗಳನ್ನು ಒಂದೊಂದಾಗಿ ಒತ್ತಿ ನೋಡಿದರು, ರಕ್ತದ ವರದಿ ನೋಡಿದರು, ಸಂಧಿವಾತವೆಂದು ಹೇಳಿದರು. "ಇದು ಪೂರಾ ವಾಸಿ ಆಗುವಂಥದ್ದಲ್ಲ. ಹತೋಟಿಯಲ್ಲಿ ಇಡಬಹುದು. ಗುಳಿಗೆ ಬಿಡಬಾರದು." ನನಗೆ ಅಳು ಬಂತು. ಜನ್ಮಪೂರ್ತಿಯೇ ಎಂದು ಕೇಳಬೇಕೆಂದು ಬಾಯಿ ತೆರೆದೆ. ಅವರು ಆಗಲೇ ಗಂಟೆ ಒತ್ತಿದ್ದರು. "ಎಲ್ಲ ಸಿಸ್ಟರ್ ತಿಳಿಸಿ ಹೇಳ್ತಾರೆ."

ಸಿಸ್ಟರಿಗೆ ಇಲ್ಲಿ ಮಂಜುಳಾ ಎಂದು ಹೆಸರಿಡುತ್ತೇನೆ. ಔಷಧದ ಕಿಟಕಿಯ ಪಕ್ಕ ಸಣ್ಣ ಟೇಬಲ್ಲು, ಟೇಬಲ್ಲಿನ ಸುತ್ತ ಜೇನುಹುಟ್ಟಿನಂತೆ ಜನ. ಒಬ್ಬರ ಗುಳಿಗೆ ತಿಳಿಸಿ ಹೇಳುವಾಗಲೇ ಇನ್ನೊಬ್ಬರು ಅವಳ ಸೆರಗು ಎಳೆಯುತ್ತಿದ್ದರು. ನನ್ನ ಪಾಳಿ ಬಂದಾಗ ಮೂರು ಪಟ್ಟಿಗಳನ್ನು ಮುಂದಿಟ್ಟು ಬೆರಳಿನಿಂದ ಮುಟ್ಟುತ್ತ ಹೋದಳು.

"ಇದು ಹದಿನೈದು ದಿನದ್ದು. ಇದು ತಿಂಗಳದ್ದು. ಇದು ವಾರದ್ದು. ಎಲ್ಲಾ ಊಟ ಆದ ಮ್ಯಾಲೆ. ತಿಳೀತಿಲ್ಲರಿ ಅಕ್ಕೋರ? ಮುಂದಿನವ್ರು ಬರ್ರಿ."

"ತಿಳೀತ್ರಿ" ಎಂದೆ. ಯಾರಿಗಾದರೂ ತಿಳಿಯದೆ ಇರುವಂಥದ್ದು ಅದರಲ್ಲಿ ಏನಿತ್ತು? ನಮ್ಮ ಕಡೆ ಔಷಧದ ಅಂಗಡಿಗೆ ಹೋಗಿ, "ಮೂರು ದಿನದ ಗುಳಿಗಿ ಕೊಡ್ರಿ" ಎಂದರೆ ದಿನವೂ ನುಂಗಿ ಮೂರು ದಿನಕ್ಕೆ ಮುಗಿಯುವ ಗುಳಿಗೆ. ಹದಿನೈದು ದಿನದ್ದು ಎಂದರೆ ದಿನಾಲು ಒಂದರಂತೆ ಹದಿನೈದು ದಿನ. ತಿಂಗಳದ್ದು ಎಂದರೆ ತಿಂಗಳು ಪೂರ್ತಿ. ಹಾಗಾದರೆ ವಾರದ್ದು ಎಂದರೆ? ದಿನಾಲು ಒಂದರಂತೆ ಒಂದು ವಾರ. ಎರಡು ಗುಳಿಗೆಗಳಿಗೆ ಒಂದು ಅರ್ಥ ಹೇಳಿ, ಮೂರನೆಯದಕ್ಕೆ ಬಂದಾಗ ಅದೇ ಮಾತಿನ ಹೊಟ್ಟೆಯೊಳಗೆ ಬೇರೆ ಅರ್ಥ ಇಟ್ಟಿದ್ದಾಳೆಂದು ನನಗೆ ಕನಸು ಬೀಳಬೇಕಿತ್ತೇ? ವಾರದ ಸಂತೆಯಂತೆ ವಾರದ ಗುಳಿಗೆ, ಏಳು ದಿನಕ್ಕೆ ಒಂದೇ ಒಂದು, ಎಂಬುದು ಅವಳ ಮನಸ್ಸಿನಲ್ಲಿತ್ತು. ಆ ಮನಸ್ಸಿನಿಂದ ಅದು ನನ್ನ ಕಿವಿಯ ತನಕ ಬರಲೇ ಇಲ್ಲ.

ಒಂಬತ್ತನೆಯ ಇಯತ್ತೆಯ ಮಕ್ಕಳು ಪ್ರತಿ ವರ್ಷ ನನ್ನನ್ನು ಕೇಳುತ್ತಾರೆ, "ಈ ವಿಭಕ್ತಿ ಪ್ರತ್ಯಯ ಕಲ್ತು ಏನ್ ಮಾಡೂದ್ರಿ ಟೀಚರ್?" ನಾನು ಏನೇನೋ ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನ ಹತ್ತಿರ ಉತ್ತರವಿದೆ. 'ವಾರಕ್ಕೆ ಒಂದು' ಎಂದರೆ ಚತುರ್ಥಿ, ಮನುಷ್ಯ ಬದುಕುತ್ತಾನೆ. 'ವಾರದ್ದು' ಎಂದರೆ ಷಷ್ಠಿ, ಐಸಿಯು ಸೇರುತ್ತಾನೆ.

ಆ ಮೂರನೆಯ ಗುಳಿಗೆ ಹಳದಿ ಬಣ್ಣದ್ದು, ನೋಡಲು ಬಡಪಾಯಿ. ದಿನವೂ ಊಟವಾದ ಮೇಲೆ ನಿಷ್ಠೆಯಿಂದ ನುಂಗಿದೆ. ಪಟ್ಟಿಯಲ್ಲಿ ಏಳಲ್ಲ, ಹತ್ತಿದ್ದವು; ಕೊಟ್ಟದ್ದನ್ನೆಲ್ಲ ಮುಗಿಸಬೇಕೆಂದೇ ತಿಳಿದೆ. ಉಳಿದ ಗುಳಿಗೆಗಳ ಗುಣವೋ ಏನೋ, ಬೆರಳುಗಳು ಸಡಿಲಾದವು. ಒಂದು ಬೆಳಿಗ್ಗೆ ನಾನೇ ರೊಟ್ಟಿ ಬಡಿದೆ. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಹಾನಗಲ್ಲ ಡಾಕ್ಟರ ಕೈಗುಣ ಚಲೋ ಐತಿ ನೋಡವ್ವಾ" ಎಂದರು. ಎಷ್ಟು ಖುಷಿಯಾಯಿತೆಂದರೆ ಆ ದಿನ ಬೇಕಾದ್ದಕ್ಕಿಂತ ದುಪ್ಪಟ್ಟು ರೊಟ್ಟಿ ಮಾಡಿಟ್ಟೆ.

ವಾರ ಮುಗಿಯುವ ಹೊತ್ತಿಗೆ ನಾಲಗೆಯ ತುದಿಯಲ್ಲಿ ಒಂದು ಹುಣ್ಣು ಎದ್ದಿತು. ಮರುದಿನ ತುಟಿಯೊಳಗೆ, ಗಲ್ಲದೊಳಗೆ. ಖಾರ ಬಿಡಿ, ನೀರು ಕುಡಿದರೂ ಉರಿ. ಮನೆಯಲ್ಲಿ ರೋಗದ ನಿರ್ಣಯ ಕೂಡಲೇ ಆಯಿತು. "ಉಷ್ಣ ಆಗೇತಿ" ಎಂದು ಅತ್ತೆ ಮಜ್ಜಿಗೆ ಕುಡಿಸಿದರು, ಸಬ್ಜಾ ಬೀಜ ನೆನೆಹಾಕಿದರು. ಯಜಮಾನರು, "ಶಾಲಿ ಮಕ್ಕಳ ಜೋಡಿ ಒದರಿ ಒದರಿ ಹಂಗ ಆಗೇತಿ, ಎರಡ ದಿನ ಬಾಯಿ ಮುಚ್ಚಿಕೊಂಡಿರು" ಎಂದು ಚೇಷ್ಟೆ ಮಾಡಿದರು. ಆಗ ನಕ್ಕೆ. ಮುಂದೆ ನಿಜವಾಗಿಯೂ ಬಾಯಿ ಮುಚ್ಚಬೇಕಾಯಿತು.

ಉರಿ ತಾಳದೆ ಶಾಲೆಯಿಂದ ಬರುವಾಗ ಶಿಗ್ಗಾಂವಿಯಲ್ಲಿ ಇಳಿದು ಒಬ್ಬ ಡಾಕ್ಟರರಿಗೆ ತೋರಿಸಿದೆ. ಅವರು ಬ್ಯಾಟರಿ ಹಾಕಿ ಬಾಯಿ ನೋಡಿ, "ಹೀಟ್ ಆಗೇತಿ" ಎಂದರು. ಅತ್ತೆಯ ಮಾತಿಗೆ ಇಂಗ್ಲಿಷಿನ ಅಂಗಿ ತೊಡಿಸಿದಂತಾಯಿತು. ನೋವಿಗೆಂದು ಸೊಂಟಕ್ಕೊಂದು ಸೂಜಿ ಹಾಕಿದರು. ನಾನೇ ಮುಂದಾಗಿ ಹೇಳಿದೆ:

"ಸರ್, ಕೀಲಬ್ಯಾನಿಗೆ ಗುಳಿಗಿ ತಗೊಳ್ಳಾಕತ್ತೇನ್ರಿ. ಇನ್ನ ಒಂದೆರಡು ಉಳದಾವ."

ಯಾವ ಗುಳಿಗೆ ಎಂದು ಅವರು ಕೇಳಲಿಲ್ಲ. ತೋರಿಸಿ ಎನ್ನಲಿಲ್ಲ. ಕೈ ತೊಳೆಯುತ್ತ, ನನ್ನ ಕಡೆ ಬೆನ್ನು ಮಾಡಿಯೇ ಹೇಳಿದರು: "ಅವನ್ನ ನಡುವ ಬಿಡಬ್ಯಾಡ್ರಿ. ಕೋರ್ಸ್ ಮುಗಸ್ರಿ."

ಕೋರ್ಸ್ ಮುಗಿಸಿದೆ. ಪಟ್ಟಿಯಲ್ಲಿ ಉಳಿದಿದ್ದ ಹಳದಿ ಗುಳಿಗೆಗಳನ್ನೂ ನುಂಗಿದೆ. ಈ ಒಂದು ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಮಂಜುಳಾಳ ಸುತ್ತ ಜನರ ಮುತ್ತಿಗೆಯಾದರೂ ಇತ್ತು. ಇವರ ಮುಂದೆ ನಾನೊಬ್ಬಳೇ ಇದ್ದೆ. ಚೀಲದ ಕಸೆ ಬಿಚ್ಚಿದರೆ ಪಟ್ಟಿ ಕಾಣುತ್ತಿತ್ತು. 'ಏನ್ ನುಂಗಾಕತ್ತೀರಿ, ತೋರಸ್ರಿ' ಎಂಬ ಮಾತಿಗೆ ಎಷ್ಟು ಹೊತ್ತು ಬೇಕು?

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಜ್ವರ. ಹಲ್ಲುಜ್ಜಿದಾಗ ಬಚ್ಚಲು ತುಂಬ ಕೆಂಪು. ಎಂಜಲು ನುಂಗಲೂ ಆಗದ ಗಂಟಲು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದೆ. ಹುಬ್ಬಳ್ಳಿಯ ತನಕ ಅತ್ತೆ ನನ್ನ ತಲೆ ಸವರುತ್ತಲೇ ಬಂದರು, ಸವರಿದಂತೆಲ್ಲ ಅವರ ಕೈಗೆ ಕೂದಲು ಬರುತ್ತಿತ್ತು. ನನಗೆ ಗೊತ್ತಾಗಬಾರದೆಂದು ಅವರು ಅದನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ನನಗೆ ಗೊತ್ತಾಗಿತ್ತು.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಕಿರಿಯ ಡಾಕ್ಟರೊಬ್ಬರು ಓಡುತ್ತ ಬಂದು, ಮನೆಯಿಂದ ತಂದ ಗುಳಿಗೆಗಳನ್ನೆಲ್ಲ ಮಂಚದ ಮೇಲೆ ಸುರಿಯಿರಿ ಎಂದರು. ಹಳದಿ ಗುಳಿಗೆಯ ಖಾಲಿ ಪಟ್ಟಿಯನ್ನು ಬೆಳಕಿಗೆ ಹಿಡಿದರು.

"ಇದನ್ನ ಹ್ಯಾಂಗ ತಗೊಂಡ್ರು?"

"ದಿನಾ ಒಂದ್ರಿ" ಎಂದರು ಯಜಮಾನರು. "ಒಂದು ದಿನಾನೂ ತಪ್ಪಿಸಿಲ್ಲ ನೋಡ್ರಿ."

ಆ ಡಾಕ್ಟರು ಪಟ್ಟಿಯ ಖಾಲಿ ಗುಳಿಗಳನ್ನು ಒಂದೊಂದಾಗಿ ಎಣಿಸಿದರು. ಯಜಮಾನರ ಮುಖದ ಮೇಲಿದ್ದ ಅಭಿಮಾನ ಮೆಲ್ಲಗೆ ಇಳಿಯುವುದನ್ನು ನಾನು ಮಲಗಿದ್ದಲ್ಲಿಂದಲೇ ನೋಡಿದೆ. ವಾರಕ್ಕೆ ಒಂದರಂತೆ ಎರಡು ತಿಂಗಳಿಗೂ ಮಿಕ್ಕಿ ಬರಬೇಕಾದ ಔಷಧವನ್ನು ನಾನು ಹತ್ತು ದಿನಕ್ಕೆ ಮುಗಿಸಿದ್ದೆ. ರಕ್ತ ಹುಟ್ಟುವ ಜಾಗವೇ ಕೆಲಸ ನಿಲ್ಲಿಸಿತ್ತು. ಉಳಿಯುತ್ತಾಳೋ ಇಲ್ಲವೋ ನಾಲ್ಕು ದಿನ ಹೇಳಲಾಗದು ಎಂದರು. ನನಗೆ ಕೇಳಿಸಬಾರದೆಂದು ಬಾಗಿಲ ಹೊರಗೆ ನಿಂತು ಹೇಳಿದರು. ಬಾಗಿಲು ತೆರೆದೇ ಇತ್ತು.

ಮರುದಿನ ಆ ಆಸ್ಪತ್ರೆಯ ದೊಡ್ಡ ಡಾಕ್ಟರು ತಮ್ಮ ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಬಂದರು. ನನ್ನ ಮಂಚದ ಸುತ್ತ ಬಿಳಿ ಕೋಟುಗಳ ಗೋಡೆ. ಇಂಗ್ಲಿಷಿನಲ್ಲಿ ನನ್ನ ಕತೆ ಓದಲಾಯಿತು. ದೊಡ್ಡವರು ಕೇಳಿ, ನನ್ನ ಕಡೆ ನೋಡಿ, ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ ಅಂದರು:

"ಪೇಷಂಟ್ ತಪ್ಪು ತಿಳ್ಕೊಂಡಿದ್ದಾರೆ. ಟೀಚರ್ ಅಂತೆ! ಓದಿದವರೇ ಹೀಗೆ ಮಾಡಿದರೆ ಹಳ್ಳಿಯವರ ಗತಿ ಏನು?"

ವಿದ್ಯಾರ್ಥಿಗಳು ಮುಗುಳ್ನಕ್ಕರು. ನಾನು ಉತ್ತರ ಕೊಡಬೇಕೆಂದು ಎದ್ದೆ. ನಾಲಗೆ ಅಲ್ಲಾಡಲಿಲ್ಲ. ತುಟಿ ತೆರೆದರೆ ರಕ್ತ. ಇಪ್ಪತ್ತು ವರ್ಷ ಮಾತನ್ನೇ ಉಂಡು ಬದುಕಿದವಳು ನಾನು. ನನ್ನ ಮೇಲೆ ಅಪವಾದ ಹೊರಿಸುವಾಗ 'ಅಲ್ಲ' ಎಂಬ ಎರಡಕ್ಷರ ಆಡಲಾಗಲಿಲ್ಲ. ಜ್ವರಕ್ಕಿಂತ ಆ ಸಿಟ್ಟೇ ನನ್ನನ್ನು ಹೆಚ್ಚು ಸುಟ್ಟಿತು. ಈಗಲೂ ಹೇಳುತ್ತೇನೆ, ಆ ನಾಲ್ಕು ದಿನ ನಾನು ಉಳಿದದ್ದರಲ್ಲಿ ಔಷಧದ ಪಾಲು ಎಷ್ಟೋ ಆ ಸಿಟ್ಟಿನ ಪಾಲೂ ಅಷ್ಟೇ ಇದೆ. ಈ ಮಾತಿಗೆ ಉತ್ತರ ಕೊಡದೆ ಸಾಯಬಾರದು ಎಂದು ಹಟ ಹಿಡಿದಿದ್ದೆ.

ಅಲ್ಲಿ ನನ್ನನ್ನು ನೋಡಿಕೊಂಡ ಸಿಸ್ಟರ್ ರೇಷ್ಮಾ ಸವಣೂರಿನವಳು. ಬಾಯಿಗೆ ಮುಲಾಮು ಹಚ್ಚುವಾಗ ತನ್ನ ಬಾಯಿಯನ್ನೂ ನನ್ನ ಹಾಗೇ ಅಗಲಿಸಿ ಹಿಡಿಯುತ್ತಿದ್ದಳು, ಮಗುವಿಗೆ ತುತ್ತು ಉಣಿಸುವವರ ಹಾಗೆ. ಪ್ರತಿ ಸೂಜಿಗೆ ಮೊದಲು ಹೆಸರು ಕೇಳುತ್ತಿದ್ದಳು. ಬೆಳಿಗ್ಗೆ ಕೇಳಿದವಳು ಮಧ್ಯಾಹ್ನ ಮತ್ತೆ ಕೇಳುವುದು. ಮಾತಾಡಲಾಗದ ದಿನಗಳಲ್ಲಿ ನನ್ನ ಮುಂಗೈಗೆ ಕಟ್ಟಿದ ಪಟ್ಟಿಯಲ್ಲಿನ ಹೆಸರು ಓದಿ ಹೇಳಿ, ನಾನು ತಲೆಯಾಡಿಸಿದ ಮೇಲೆಯೇ ಸೂಜಿ. ಮಾತು ಬಂದ ಮೇಲೆ ಒಮ್ಮೆ ರೇಗಿದೆ:

"ಇಷ್ಟು ದಿನ ಆತು, ನನ್ನ ಹೆಸರು ಇನ್ನೂ ಗೊತ್ತಾಗಿಲ್ಲೇನವ್ವಾ ನಿನಗ?"

"ಗೊತ್ತೈತ್ರಿ ಅಕ್ಕೋರ. ಗೊತ್ತಿದ್ರೂ ಕೇಳಬೇಕು ಅಂತ ಕಲಿಸ್ಯಾರ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ವ್ಯಾಳ್ಯಾ. ಐದನ್ನೂ ನೋಡದ ಕೊಡಬಾರದು."

"ಆರನೇದ ಒಂದು ಸೇರಿಸ್ಕೋ" ಎಂದೆ. "ಸರಿಯಾದ ಮಾತು."

ಅವಳು ನಗಲಿಲ್ಲ. ಸೂಜಿ ತಟ್ಟೆಯಲ್ಲಿಟ್ಟು ಮಂಚದ ಅಂಚಿಗೆ ಕುಂತಳು. ಹಾನಗಲ್ಲಿನಲ್ಲಿ ಏನು ಹೇಳಿದ್ದರೆಂದು ಕೇಳಿದಳು. ಯಾರೂ ಅಲ್ಲಿಯ ತನಕ ಅದನ್ನು ಕೇಳಿರಲಿಲ್ಲ. ನಾನೇನು ಮಾಡಿದೆ ಎಂದು ಎಲ್ಲರೂ ಕೇಳಿದ್ದರು, ನನಗೆ ಏನು ಹೇಳಿದರು ಎಂದು ಒಬ್ಬರೂ ಕೇಳಿರಲಿಲ್ಲ. 'ವಾರದ್ದು' ಎಂಬ ಮಾತು ಕೇಳಿ, "ನಾನೂ ಹಂಗ ಅಂತೇನ್ರಿ ಒಮ್ಮೊಮ್ಮೆ" ಎಂದಳು. ಮನೆಗೆ ಕಳಿಸುವ ದಿನ ಗುಳಿಗೆಗಳನ್ನು ತಿಳಿಸಿ ಹೇಳಿ, "ಈಗ ನೀವು ನನಗ ಹೇಳ್ರಿ, ನಾ ರೋಗಿ, ನೀವು ಸಿಸ್ಟರ್" ಎಂದಳು. ನಾನು ಒಪ್ಪಿಸಿದೆ. ಒಂದು ಕಡೆ ತಪ್ಪಿದೆ, ತಿದ್ದಿದಳು. ಹುಡುಗರಿಗೆ ಪದ್ಯ ಒಪ್ಪಿಸಲು ಹಚ್ಚುವ ನನ್ನದೇ ವಿದ್ಯೆ ಅದು. ಎಷ್ಟು ಸಸಾರ ಕೆಲಸ! ಹಾನಗಲ್ಲಿನ ಟೇಬಲ್ಲಿನಲ್ಲಿ ಇಷ್ಟೇ ಮಾಡಿದ್ದರೆ ನಾನು ಹುಬ್ಬಳ್ಳಿ ನೋಡುತ್ತಿರಲಿಲ್ಲ.

ಮನೆಗೆ ಬಂದೆ, ಬೋಳು ತಲೆಗೆ ಸೆರಗು ಹೊದ್ದು. ನೋಡಲು ಬಂದವರಲ್ಲಿ ಅರ್ಧ ಜನ "ದೇವರು ಉಳಿಸಿದ, ಬಿಡ್ರಿ" ಎಂದರು. ಇನ್ನರ್ಧ ಜನ "ಕೇಸ್ ಹಾಕ್ರಿ" ಎಂದರು. ಎರಡೂ ಗುಂಪಿನವರು ಹೊರಡುವಾಗ ಮೆಲ್ಲಗೆ, "ಆದ್ರೂ ನೀವೊಂದು ಮಾತು ಕೇಳಬೇಕಿತ್ತು ಬಿಡ್ರಿ, ಓದಿದವ್ರು" ಎನ್ನುವುದನ್ನು ಮರೆಯುತ್ತಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅದೂ ಪರರಿಗೆ! ಒಂದು ದಿನ ಯಾರೋ ಹಾಗೆ ಅಂದಾಗ ಮೂಲೆಯಲ್ಲಿ ಡ್ಯೂಟಿಯ ಅಂಗಿ ತೊಡುತ್ತಿದ್ದ ಯಜಮಾನರು ಸಿಡಿದರು. ಅವರು ಸಿಡಿಯುವ ಮನುಷ್ಯರೇ ಅಲ್ಲ.

"ನೋಡ್ರಿ, ನನ್ನ ಬಸ್ಸಿನ್ಯಾಗ ಒಬ್ಬ ಮುದುಕ 'ಹಾ' ಅಂತ ಬಾಯಿ ತಗದ್ರ, ಹಾನಗಲ್ಲೋ ಹಾವೇರಿಯೋ ಅಂತ ಎರಡ ಸಲ ಕೇಳಿ ಟಿಕೀಟ್ ಕೊಡ್ತೇನಿ. ತಪ್ಪಿ ಇಳಿದ್ರ ಮತ್ತೊಂದ ಬಸ್ ಸಿಗ್ತೈತಿ, ಆದ್ರೂ ಕೇಳ್ತೇನಿ. ಕೇಳೂದು ಟಿಕೀಟ್ ಕೊಡಾವ್ನ ಕೆಲಸರಿ, ಮುದುಕಂದಲ್ಲ."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ಆಡಿದ ಅತ್ಯಂತ ಪ್ರೀತಿಯ ಮಾತು ಅದು ಎಂದು ನನ್ನ ಲೆಕ್ಕ.

ಕೂದಲು ಕುಡಿಯೊಡೆಯುವ ಹೊತ್ತಿಗೆ ಬೆರಳುಗಳು ಮತ್ತೆ ಬಿಗಿದುಕೊಂಡವು. ರೋಗ ನನ್ನನ್ನು ಮರೆತಿರಲಿಲ್ಲ. ಹುಬ್ಬಳ್ಳಿಯವರು ರಕ್ತ ಪರೀಕ್ಷಿಸಿ, ಅದೇ ಹಳದಿ ಗುಳಿಗೆಯನ್ನು ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಬೇಕು, ನಿಮ್ಮ ಕೈ ಉಳಿಸುವುದು ಅದೇ ಎಂದರು. ಅತ್ತೆ ಕುಣಿದಾಡಿಬಿಟ್ಟರು. "ಆ ಹಳದಿ ಗುಳಿಗಿ ನನ್ನ ಹೊಸ್ತಿಲ ದಾಟಬಾರದು. ರೊಟ್ಟಿ ನಾ ಬಡೀತೇನಿ, ಸಾಯೂತನಕ ಬಡೀತೇನಿ!" ಅವರನ್ನು ಸಮಾಧಾನ ಮಾಡುವ ನನಗೇ ಧೈರ್ಯವಿರಲಿಲ್ಲ. ಮೊದಲ ಗುಳಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಎಷ್ಟು ಹೊತ್ತು ಕುಂತಿದ್ದೆನೋ, ಬೆವರಿಗೆ ಅದು ಕರಗಿ ಅಂಗೈ ಹಳದಿಯಾಯಿತು. ಎರಡನೆಯದನ್ನು ತೆಗೆದು ನುಂಗಿದೆ. ಮರುದಿನ ಬೆಳಿಗ್ಗೆ ಏಳುತ್ತಲೇ ಕನ್ನಡಿಯ ಮುಂದೆ ನಿಂತು ನಾಲಗೆ ಚಾಚಿದೆ. ಏನೂ ಇರಲಿಲ್ಲ. ಆದರೂ ಆ ವಾರವೆಲ್ಲ ದಿನವೂ ನಾಲಗೆ ಚಾಚುತ್ತಿದ್ದೆ.

ಕೈ ಒಂದು ಹದಕ್ಕೆ ಬಂದ ಮೇಲೆ ನಾನು ಹಾನಗಲ್ಲಿಗೆ ಹೊರಟೆ. "ಯಾಕ?" ಎಂದರು ಯಜಮಾನರು. "ಆಗಿದ್ದು ಆತು."

"ಕೇಸ್ ಹಾಕಾಕ ಅಲ್ರಿ. ಒಂದು ಮಾತು ಕೇಳಾಕ" ಎಂದೆ. ಅವರು ರಜೆ ಹಾಕಿ ಜೊತೆಗೆ ಬಂದರು.

ಅದೇ ಪಡಸಾಲೆ, ಅದೇ ಜನ. ಡಾಕ್ಟರರಿಗೆ ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದೆ. ಪಾಳಿಗೆ ಕಾಯುತ್ತ ಮಂಜುಳಾಳ ಟೇಬಲ್ಲಿನ ಹತ್ತಿರವೇ ಕುಂತೆ. ಸೆರಗು ಹೊದ್ದ ನನ್ನನ್ನು ಅವಳು ಗುರುತಿಸಲಿಲ್ಲ. ಅವಳ ಮುಂದೆ ಮಾಸೂರಿನ ಕಡೆಯ ಒಬ್ಬ ವಯಸ್ಸಾದ ಆಯಿ ನಿಂತಿತ್ತು, ಗದ್ದೆಯ ಕೆಸರು ಉಗುರಿನಿಂದ ಇನ್ನೂ ಹೋಗಿರಲಿಲ್ಲ. ಮಂಜುಳಾ ಪಟ್ಟಿಗಳನ್ನು ಮುಟ್ಟುತ್ತ ಹೋದಳು.

"ಇದು ತಿಂಗಳದ್ದು, ಆಯಿ. ಇದು ವಾರದ್ದು. ಊಟ ಆದ ಮ್ಯಾಲೆ. ತಿಳೀತಿಲ್ಲ?"

"ತಿಳೀತವ್ವಾ" ಎಂದಿತು ಆಯಿ.

ಡಾಕ್ಟರರಿಗೆಂದು ಹೊಂದಿಸಿದ್ದೆಲ್ಲ ಮರೆತುಹೋಯಿತು. ಎದ್ದು ಹೋಗಿ ಆಯಿಯ ಕೈಯಲ್ಲಿದ್ದ ಹಳದಿ ಗುಳಿಗೆಯ ಪಟ್ಟಿಯ ಮೇಲೆ ಕೈ ಇಟ್ಟೆ.

"ಆಯಿ, ಇದನ್ನ ಹೆಂಗ ತಗೋತೀರಿ? ಹೇಳ್ರಿ ನೋಡೂಣು."

"ದಿನಾ ಒಂದು, ಒಂದ್ ವಾರ" ಎಂದಿತು ಆಯಿ, ಇದೇನು ದೊಡ್ಡ ಪ್ರಶ್ನೆ ಎಂಬಂತೆ.

ಸೆರಗು ಸರಿಸಿ ತಲೆ ತೋರಿಸಿದೆ. "ಮಂಜುಳಾ ಸಿಸ್ಟರ್, ನೋಡ್ರಿ ಇಲ್ಲೆ. ನನಗೂ ನೀವು ವಾರದ್ದು ಅಂದಿದ್ರಿ. ನಾನೂ ದಿನಾ ಒಂದು ನುಂಗಿದ್ನಿ. ರಕ್ತ ಕಾರಿ ಹುಬ್ಬಳ್ಳ್ಯಾಗ ಬಿದ್ದಿದ್ನಿ. ನನಗ ಆತು, ಈ ಆಯಿಗೂ ಆಗಬೇಕೇನು? ಇನ್ನ ಎಷ್ಟು ಮಂದಿಗೆ ಇದನ್ನ ಅಂದೀರಿ?"

ನನ್ನ ದನಿ ಕ್ಲಾಸಿನ ಕೊನೆಯ ಬೆಂಚಿಗೆ ಮುಟ್ಟುವ ದನಿ. ಪಾಳಿಯ ಹೆಂಗಸರು ಎದ್ದು ನಮ್ಮ ಸುತ್ತ ನೆರೆದರು. ಮಂಜುಳಾಳ ಮುಖ ಸುಣ್ಣದಂತಾಯಿತು. ಒಳಗಿನಿಂದ ಡಾಕ್ಟರು ಎದ್ದು ಬಂದರು.

"ಏನಿದು ಗದ್ದಲ?"

ಯಜಮಾನರು ಹೇಳಿದರು. ಡಾಕ್ಟರು ನನ್ನ ಹಳೆಯ ಚೀಟಿ ನೋಡಿದರು. ಅವರ ಮುಖದಲ್ಲಿ ಮೊದಲು ಗಾಬರಿ ಕಂಡಿತು, ಆಮೇಲೆ ನಿರಾಳ. "ನೋಡಿ, ನಾನು ಬರೆದದ್ದು ಸರಿಯಾಗೇ ಇದೆ. ವಾರಕ್ಕೊಮ್ಮೆ ಅಂತ ಸ್ಪಷ್ಟ ಇಂಗ್ಲಿಷಿನಲ್ಲಿದೆ."

"ಬರದದ್ದನ್ನ ಯಾರೂ ನುಂಗಂಗಿಲ್ರಿ ಸರ್" ಎಂದೆ. "ಹೇಳಿದ್ದನ್ನ ನುಂಗ್ತಾರ. ನೀವು ಹೇಳಲಿಲ್ಲ. ಗಂಟಿ ಒತ್ತಿದ್ರಿ. ಇಷ್ಟು ಮಂದಿಯೊಳಗ ಈ ಹುಡುಗೀನ ಒಬ್ಬಾಕಿನ್ನ ಕುಂದ್ರಿಸಿ, ಈ ಗುಳಿಗಿ ದಿನಾ ತಗೊಂಡ್ರ ಸಾಯ್ತಾರ ಅಂತ ಅಕಿಗಾದ್ರೂ ಹೇಳಿದ್ರೇನು?"

ಡಾಕ್ಟರು ಮಂಜುಳಾಳ ಕಡೆ ನೋಡಿದರು, ಹೇಳಿದ್ದೆ ಎಂದು ಅವಳೇ ಹೇಳಲಿ ಎಂಬಂತೆ. ಮಂಜುಳಾ ತಲೆ ಎತ್ತಲಿಲ್ಲ.

"ಸಾಯೂವಷ್ಟು ಅಂತ ನನಗ ಗೊತ್ತಿರಲಿಲ್ರಿ ಅಕ್ಕೋರ" ಎಂದಳು. "ಕೋರ್ಸಿನ್ಯಾಗ ಔಷಧದ ಹೆಸರು ಬಾಯಿಪಾಠ ಮಾಡಿದ್ವಿ. ಇಲ್ಲಿ ಬಂದ ಮ್ಯಾಲೆ ಇದು ದಿನದ್ದು, ಇದು ವಾರದ್ದು ಅಂತ ಹಿಂದಿನ ಸಿಸ್ಟರ್ ಹೇಳಿಕೊಟ್ರು. ಅವ್ರು ಹಂಗ ಅಂತಿದ್ರು, ನಾನೂ ಹಂಗ ಅಂದೆ." ಅವಳ ಕಣ್ಣಿನಿಂದ ನೀರು ಪಟ್ಟಿಗಳ ಮೇಲೆ ಬಿತ್ತು. ನನಗೆ ಅವಳ ಮೇಲೆ ಮರುಕ ಬಂತು. ಸಿಟ್ಟು ಮಾತ್ರ ಕಡಿಮೆಯಾಗಲಿಲ್ಲ, ಅದಕ್ಕೆ ಬೇರೆ ಜಾಗ ಸಿಕ್ಕಿತು ಅಷ್ಟೇ. ಅದು ಬಾಗಿಲಲ್ಲಿ ನಿಂತಿತ್ತು, ಬಿಳಿ ಕೋಟು ತೊಟ್ಟು.

ಆಯಿ ಮಾತ್ರ ಪಟ್ಟಿ ಹಿಡಿದುಕೊಂಡು ನಿಂತೇ ಇತ್ತು. "ಹಂಗಾದ್ರ ನಾ ಇದನ್ನ ಏನ್ ಮಾಡ್ಲಿ? ನನ್ನ ಬಸ್ ಹೊಕ್ಕೈತಿ."

ಮಂಜುಳಾ ಕಣ್ಣೊರೆಸಿಕೊಂಡಳು. ಕುರ್ಚಿಯಿಂದ ಎದ್ದು ಈಚೆ ಬಂದು ಆಯಿಯ ಕೈ ಹಿಡಿದಳು. ಸೆರಗು ಎಳೆಯುತ್ತಿದ್ದ ಇನ್ನೊಬ್ಬಳಿಗೆ, "ತಡೀರಿ, ಇವರದ ಮುಗೀಲಿ" ಎಂದಳು. ಆಮೇಲೆ ಕೇಳಿದಳು:

"ಆಯಿ, ನೀವು ವಾರ ಹಿಡೀತೀರೇನು? ಯಾವ ವಾರ?"

"ಸೋಮಾರ. ಒಪ್ಪತ್ತು ಊಟ. ಮದಿವಿ ಆದಾಗಿಂದ ಹಿಡೀತೇನಿ, ಒಂದೂ ತಪ್ಪಿಸಿಲ್ಲ."

"ಈ ಗುಳಿಗೀಗೂ ಸೋಮಾರದ್ದ ವಾರ. ಸೋಮಾರ ಒಪ್ಪತ್ತು ಊಟ ಆದ ಮ್ಯಾಲೆ ಒಂದು. ಉಳದ ದಿನ ಮುಟ್ಟಬಾರದು, ಮುಟ್ಟಿದ್ರ ವಾರ ಕೆಡ್ತೈತಿ, ಜೀವಾನೂ ಕೆಡ್ತೈತಿ. ಬಾಯಾಗ ಹುಣ್ಣಾದ್ರ ಗುಳಿಗಿ ನಿಲ್ಲಿಸಿ ಓಡಿ ಬರಬೇಕು. ಈಗ ನೀವು ನನಗ ಹೇಳ್ರಿ."

"ಸೋಮಾರ ಒಂದು" ಎಂದಿತು ಆಯಿ. "ಮಂಗಳಾರದಿಂದ ಐತಾರದ ತನಕ ಇಲ್ಲ. ಬಾಯಿ ಹುಣ್ಣಾದ್ರ ನಿಲ್ಲಸೂದು, ಬರೂದು." ಪಟ್ಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿತು. ಎರಡು ಹೆಜ್ಜೆ ಹೋಗಿ ನಿಂತು, ನನ್ನ ತಲೆಯ ಮೇಲಿನ ಗಿಡ್ಡ ಕೂದಲನ್ನು ನೋಡಿತು. ತಿರುಗಿ ಮಂಜುಳಾಳನ್ನು ನೋಡಿತು, ಬಾಗಿಲಲ್ಲಿದ್ದ ಡಾಕ್ಟರರನ್ನು ನೋಡಿತು.

"ಇಷ್ಟು ಹೇಳಾಕ, ಈ ಅಕ್ಕೋರು ಸತ್ತು ಹುಟ್ಟಿ ಬರಬೇಕಾತೇನು?"